ಕೊನೆಗೆ ದಾಟುವ ಮನೆ

ತಮಟೆ ಇನ್ನೂ ದಬ್ ಎನ್ನುತ್ತಿದೆ, ಟಣ್ ಎನ್ನುತ್ತಿಲ್ಲ, ಬೆಳಗಿನಿಂದ ಜಿನುಗುತ್ತಿರುವ ಹನಿಗೆ ಚರ್ಮ ನೆನೆದು ಜೋತುಬಿಟ್ಟಿದೆ, ಒಣಹುಲ್ಲಿನ ಉರಿಯಾದರೂ ಇದ್ದರೆ ಬೇಗ ಬಿಗಿಯುತ್ತಿತ್ತು — ದಾಸಪ್ಪ ಬಣವೆಯ ಒಡಲಿಗೆ ಮೊಳಕೈವರೆಗೂ ಕೈ ತೂರಿಸಿ ಒಂದು ಹಿಡಿ ಹುಲ್ಲು ಎಳೆದುಕೊಂಡ, ಒಳಗೆ ಬೆಚ್ಚಗಿತ್ತು, ಮಲಗಿದ ಕೂಸಿನ ಕಂಕುಳಿನಷ್ಟು ಬೆಚ್ಚಗೆ, ಕೈ ಹೊರಗೆ ತೆಗೆಯಲು ಮನಸ್ಸೇ ಬರಲಿಲ್ಲ. ಹುಲ್ಲು ಹತ್ತಿಕೊಂಡಿತು, ಹೊಗೆ ಮೇಲಕ್ಕೆ ಹೋಗದೆ ನೆಲದ ಮೇಲೇ ತೆವಳಿತು, ಗಾಳಿಯೆಂಬುದೇ ಇಲ್ಲ, ಮರ ಕೀಳುವಂಥ ಗಾಳಿ ಬರುತ್ತದೆ ಎಂದು ಜೀಪಿನವರು ಕೂಗಿ ಹೋಗಿದ್ದಾರೆ, ಇಲ್ಲಿ ನೋಡಿದರೆ ಜೊಂಡಿನ ಒಂದು ಎಳೆಯೂ ಅಲ್ಲಾಡುತ್ತಿಲ್ಲ, ಹೋದ ವರ್ಷವೂ ಹೀಗೆಯೇ, ಉಸಿರು ಕಟ್ಟಿದ ಹಾಗೆ ನಿಂತಿತ್ತು. ಕೆರೆಯ ಆಚೆ ದಡದಲ್ಲಿ, ಪಾಪಯ್ಯನ ಟೀ ಅಂಗಡಿಯ ಮುಂದೆ ಜೀಪು ನಿಲ್ಲಿಸಿ, ಬಾಯಿಗೆ ಕೊಳವೆಯಂಥದ್ದು ಹಿಡಿದು ಅವರು ಕೂಗಿದ್ದು, ಮದ್ರಾಸ್ ಕಡೆಯಿಂದ ಚಂಡಮಾರುತ ಬರ್ತಾ ಇದೆ, ಮೇಲಿನ ಕೆರೆ ಆಗ್ಲೇ ತುಂಬಿದೆ, ದಿಣ್ಣೆ ಮೇಲಿರೋರೆಲ್ಲ ಕತ್ತಲಾಗೋದ್ರೊಳಗೆ ಸ್ಕೂಲಿಗೆ ಬಂದ್ಬಿಡಿ, ಯಾರಪ್ಪಾ ಅಲ್ಲಿ ತಮಟೆಯವನು, ಸಾರಪ್ಪಾ — ಸಾರಬೇಕು, ಸಾರುವವನು ತಾನೇ, ತನ್ನ ಅಪ್ಪ, ಅಪ್ಪನ ಅಪ್ಪ, ಈ ದಿಣ್ಣೆಯ ಸುದ್ದಿಯೆಲ್ಲ ಇದೇ ಮನೆಯಿಂದ ಹೊರಟದ್ದು, ಹುಟ್ಟಿದರೂ ಸತ್ತರೂ ನೀರು ಏರಿದರೂ. ತಮಟೆಯನ್ನು ಉರಿಯ ಮೇಲೆ ತಿರುಗಿಸುತ್ತ ಅವನು ಮನೆಯ ಕಡೆ ನೋಡಲಿಲ್ಲ, ನೋಡಿದರೆ ದಾರಂದ ಕಾಣುತ್ತದೆ, ಬಾಗಿಲಿಲ್ಲದ ದಾರಂದ, ಹೋದ ವರ್ಷ ಬಾಗಿಲನ್ನು ಕೀಲಿನಿಂದ ಎತ್ತಿ ಅದರ ಮೇಲೆ ಮಗಳನ್ನು ಮಲಗಿಸಿಕೊಂಡು ಹೋದರು, ಹೆಣ ಹೊತ್ತ ಬಾಗಿಲು ಮನೆಗೆ ಮರಳುವುದಿಲ್ಲ, ಅಂದಿನಿಂದ ಅಲ್ಲಿ ಒಂದು ಗೋಣಿತಟ್ಟು.

ನಾಲ್ಕೂ ಕಡೆ ಸಪ್ಪಲಮ್ಮನ ಕೆರೆಯ ನೀರು, ನಡುವೆ ಬೆನ್ನೆತ್ತಿದ ಈ ದಿಣ್ಣೆ, ಅದರ ಮೇಲೆ ಜೊಂಡಿನ ಚಾಪೆ ಹೆಣೆದು ಬದುಕುವ ಕೆಲವೇ ಗುಡಿಸಲು, ದಡಕ್ಕೆ ಹೋಗಲು ಒಂದೇ ಒಂದು ಮಣ್ಣಿನ ಏರಿದಾರಿ, ಎರಡು ಬದಿಗೂ ಹೊಂಗೆಯ ಗೂಟ. ಬೇಸಗೆಯಲ್ಲಿ ದಿಣ್ಣೆಯೂ ಚಿಕ್ಕಲಸಂದ್ರದ ಹೊಲವೂ ಒಂದೇ, ಮಳೆಗಾಲದಲ್ಲಿ ಬೇರೆ ಲೋಕ. ಮೊದಲು ನೀರು ಸಾವಕಾಶವಾಗಿ ಬರುತ್ತಿತ್ತು, ಹೊಲಕ್ಕೆ ಇಂಗಿ, ಗದ್ದೆಯಲ್ಲಿ ಕೂತು ಎದ್ದು, ಒಂದೆರಡು ದಿನ ತಡೆದು ಬರುತ್ತಿತ್ತು, ಜನ ರಾಗಿ ತುಂಬಿಕೊಂಡು ಎಲೆಯಡಿಕೆ ಹಾಕಿಕೊಂಡು ದಾಟಬಹುದಿತ್ತು, ಈಗ ಬನಶಂಕರಿಯ ಕಡೆಯಿಂದ ಲೇಔಟು ಬಂದಿದೆ, ಎಮರ್ಜೆನ್ಸಿ ಮುಗಿದ ವರ್ಷ ಶುರುವಾದ ಕಲ್ಲು ಚರಂಡಿ ಈಗ ಕೆರೆಯ ಬಾಯಿಗೇ ಬಂದು ನಿಂತಿದೆ, ಅಲ್ಲಿ ಮಳೆ ಬಿದ್ದರೆ ಇಲ್ಲಿ ಆಗಲೇ ನೀರು, ಕೆಂಪು ನೀರು, ಸಿಮೆಂಟಿನ ಚೀಲದ ಚೂರು ತೇಲಿಸಿಕೊಂಡು. ಗೂಟಗಳ ಬುಡ ಮುಳುಗಿದೆ. ಬುಡ ತಾನೇ ಎಂದು ಎಲ್ಲರೂ ಅಂದುಕೊಂಡಿದ್ದಾರೆ, ಎಲ್ಲರ ಕೈಗೂ ಕೆಲಸ, ಗುಡಿಸಲ ಮೇಲೆ ಅಡ್ಡಡ್ಡ ನಾರಿನ ಹಗ್ಗ ಎಸೆಯುತ್ತಿದ್ದಾರೆ, ಎರಡು ತುದಿಗೂ ಒರಳು, ಗುಂಡುಕಲ್ಲು, ಬೀಸುವ ಕಲ್ಲಿನ ಹೋಳು ಕಟ್ಟಿ ಇಳಿಬಿಡುತ್ತಿದ್ದಾರೆ, ರಾಗಿಯ ಗುಡಾಣದ ಬಾಯಿಗೆ ಸಗಣಿ ಮೆತ್ತುತ್ತಿದ್ದಾರೆ, ಗೋವಿಂದಮ್ಮ ಮೇಕೆಗಳನ್ನು ಒಳಗೆ ಅಟ್ಟಿ ತಾನೂ ಅವುಗಳ ಜೊತೆ ಬೈದಾಡುತ್ತ ಇದ್ದಾಳೆ, ಹೋಗೆ, ಹೋಗೆ ಮುಂಡೇದೆ, ನಿನಗೇನು ಗಾಳಿ ನೋಡ್ಬೇಕಾ. ಮನೆ ಬಿಗಿದು ಕಟ್ಟಿಕೊಳ್ಳುವುದಕ್ಕೆ ಎಲ್ಲರೂ ಸಿದ್ಧ, ಬಿಟ್ಟು ಹೋಗುವುದಕ್ಕೆ ಯಾರೂ ಇಲ್ಲ. ಸೂರಿನ ಮೇಲೆ ಕುದುರೆ ಏರಿದ ಹಾಗೆ ಕೂತು ಹಗ್ಗ ಬಿಗಿಯುತ್ತಿದ್ದ ಯಲ್ಲಯ್ಯ ಅಲ್ಲಿಂದಲೇ ಕೂಗಿದ, ಏನ್ ದಾಸಣ್ಣ, ಗಾಳಿ ಎಲ್ಲೀಗಂಟ ಬಂತಂತೆ, ಮದ್ರಾಸ್ ಮೇಲ್ ಹತ್ತೈತಾ, ಕಂಟೋನ್ಮೆಂಟಲ್ಲಿ ಇಳ್ದು ಬಿಟಿಎಸ್ ಬಸ್ಸಿಗೆ ಕಾಯ್ತಾ ಐತಾ — ಎಲ್ಲರೂ ನಕ್ಕರು, ಗೋವಿಂದಮ್ಮ ಹೊಸ್ತಿಲಲ್ಲೇ ಕೂತು ನಕ್ಕಳು, ಸೀಟ್ ಸಿಕ್ಕಿಲ್ವೇನೋ ಪಾಪ, ನಿಂತ್ಕಂಡೇ ಬತ್ತೈತೆ ಅಂದಳು. ದಾಸಪ್ಪನಿಗೂ ನಗು ಬಂತು, ಅರ್ಧಕ್ಕೆ ಬಂದು ನಿಂತಿತು.

ಈಗ ಟಣ್ ಎಂದಿತು. ಹೆಗಲಿಗೆ ಹಾಕಿಕೊಂಡು ಎದ್ದ, ಸಣ್ಣ ಕಡ್ಡಿ ಎಡಗೈಗೆ, ದಪ್ಪ ಕಡ್ಡಿ ಬಲಗೈಗೆ, ಗುಡಿಸಲಿಂದ ಗುಡಿಸಲಿಗೆ ನಡೆದ, ಕೇಳ್ರಪ್ಪೋ, ಕೇಳ್ರವ್ವೋ, ಗಾಳಿ ಬತ್ತೈತೆ, ನೀರು ಬತ್ತೈತೆ, ಒಲೆ ಆರ್ಸಿ, ಕೂಸುಕುನ್ನಿ ಕಟ್ಕಳಿ, ದಡಕ್ಕೆ ನಡೀರಿ — ಬಡಿತ ನೀರಿನ ಮೇಲೆ ಹೋಗಿ ಕೆರೆಯ ಕಟ್ಟೆಗೆ ತಗುಲಿ ತಿರುಗಿ ಬಂತು, ಬಕಪಕ್ಷಿಗಳು ಎದ್ದವು, ಮನುಷ್ಯರು ಏಳಲಿಲ್ಲ. ಹೋದ ವರ್ಷ ಮೊದಲ ಬಡಿತಕ್ಕೇ ಎದ್ದಿದ್ದರು, ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೋಳಿ, ಸಾಲಾಗಿ ದಾಟಿದ್ದರು, ಆದರೆ ಗಾಳಿ ಬರಲೇ ಇಲ್ಲ, ಸಮುದ್ರದಲ್ಲೇ ಎತ್ತಲೋ ಹೊರಳಿಕೊಂಡಿತು ಎಂದು ಪಾಪಯ್ಯನ ರೇಡಿಯೋ ಹೇಳಿತು, ಮಳೆ ಒಂದಿಷ್ಟು ಸುರಿಯಿತು, ಲೇಔಟಿನ ನೀರು ಏರಿದಾರಿಯ ಮೇಲೆ ಮೊಣಕಾಲವರೆಗೆ ಹತ್ತಿತು, ಇಳಿಯಿತು, ವಾಪಸು ಬಂದು ನೋಡಿದರೆ ಸೂರಿನ ಒಂದು ಹುಲ್ಲು ಕದಲಿರಲಿಲ್ಲ, ಗೋವಿಂದಮ್ಮನ ಮೇಕೆ ಮಾತ್ರ ಜಾರಿ ಕಾಲು ಮುರಿದುಕೊಂಡಿತ್ತು, ಸುಮ್ಕೆ ಹೋಗಿ ಸುಮ್ಕೆ ಬಂದ್ವಲ್ಲ ಎಂದು ಅವರೆಲ್ಲ ಅಂದುಕೊಂಡರು, ಹಾಗೆಂದ ಮೇಲೆ ದಾಸಪ್ಪನ ಮುಖ ನೋಡಿ ತಲೆ ತಗ್ಗಿಸಿದರು. ಯಾಕೆಂದರೆ ಅವರೆಲ್ಲ ದಾಟಿ ಮುಗಿಯುವವರೆಗೆ ದಾಸಪ್ಪನ ಮನೆ ಕಾದಿತ್ತು. ಸಾರಿದವನ ಮನೆ ಕೊನೆಗೆ ದಾಟಬೇಕು, ಇದು ದಿಣ್ಣೆಯ ಕಟ್ಟು, ಪ್ಲೇಗು ಬಂದಾಗ ಊರಿಗೆ ಊರೇ ಹೊಲಕ್ಕೆ ಬಿಡಾರ ಹೋದರೂ ತಾತನ ಮನೆ ಕೊನೆಯ ಒಲೆ ಆರುವವರೆಗೂ ಇಲ್ಲೇ ಇತ್ತಂತೆ, ಇಲ್ಲೇ ಎರಡು ಜೀವ ಬಿಟ್ಟಿತಂತೆ, ಎದ್ದೇಳಲಾರದ ಮುದುಕಿಯೊಬ್ಬಳು ಎಲ್ಲಿಯೋ ಮೂಲೆಯಲ್ಲಿ ಮರೆತುಹೋಗಬಾರದು ಅಂತ, ಹೆದರಿಸಿದವನೇ ಮೊದಲು ಓಡಿದ ಅನ್ನುವ ಮಾತು ಬರಬಾರದು ಅಂತ. ಮಗಳು ಅಣ್ಣಮ್ಮ ಬಾಣಂತನಕ್ಕೆಂದು ಗೊಟ್ಟಿಗೆರೆಯಿಂದ ತವರಿಗೆ ಬಂದಿದ್ದಳು, ಅವಳಿಗೆ ನೋವು ಕಾಣಿಸಿಕೊಂಡದ್ದು ಬಡಿತದ ನಡುವೆಯೇ, ಅವಳು ದಾರಂದದ ಎಡಗಂಬ ಹಿಡಿದು ನಿಂತಿದ್ದಳು, ಒಂದೊಂದು ಮನೆ ದಾಟುವುದನ್ನೂ ನೋಡುತ್ತ, ಕಂಬದ ಮೇಲೆ ನಾಲ್ಕು ಬೆರಳು, ಬೆರಳಿನ ಗಿಣ್ಣು ಬೆಳ್ಳಗೆ, ಎಲ್ರೂ ಹೋದ್ರಾ ಅಪ್ಪಾ. ಇಲ್ಲ ಕಣವ್ವ, ಯಲ್ಲಯ್ಯನ ಮನೆ ಐತೆ. ಹೋದ್ರಾ ಅಪ್ಪಾ. ಗೋವಿಂದಮ್ಮನ ಮೇಕೆ ಹೋಗ್ತಾ ಅವೆ, ವಸಿ ತಡ್ಕವ್ವ, ವಸಿ. ತಡೆದಳು. ಅವಳು ತಡೆಯುವವಳೇ, ಚಿಕ್ಕಂದಿನಿಂದಲೂ ತಡೆಯುವವಳೇ, ಉಣ್ಣುವಾಗಲೂ ಎಲ್ಲರಿಗೂ ಬಡಿಸಿ ಆಗಲಿ ಎಂದು ಮೂಲೆಯಲ್ಲಿ ನಿಲ್ಲುತ್ತಿದ್ದಳು, ಕೊನೆಯ ಮೇಕೆ ದಡ ಹತ್ತಿದ ಮೇಲೆ ಬಾಗಿಲು ಕಿತ್ತು ಮಲಗಿಸಲು ಹೋದರೆ ಬೆರಳು ಕಂಬ ಬಿಡಲೊಲ್ಲವು, ಒಂದೊಂದಾಗಿ ಬಿಡಿಸಿದವನು ಅವನೇ, ಇದೇ ಕೈ, ಮೊಣಕಾಲ ನೀರಿನಲ್ಲಿ ಹೊತ್ತವರ ಕಾಲು ಜಾರಿ, ನಿಂತು, ಜಾರಿ, ಸ್ಕೂಲಿನ ಜಗಲಿ ಮುಟ್ಟುವ ಹೊತ್ತಿಗೆ ರಕ್ತ ಬಾಗಿಲಿನ ಅಂಚಿನಿಂದ ತೊಟ್ಟಿಕ್ಕುತ್ತಿತ್ತು, ಕೂಸು ಅತ್ತಿತು, ಅವಳು ಕೇಳಿಸಿಕೊಂಡಳೋ ಇಲ್ಲವೋ.

ಗಾಳಿ ಒಂದು ಸಲ ಬೀಸಿತು, ಚಿಕ್ಕದು, ಮೂಗಿಗೆ ದೂರದ ಒದ್ದೆ ಮಣ್ಣಿನ ವಾಸನೆ ತಂದು ಹಾಕಿ ನಿಂತಿತು, ಪೂರ್ವದ ಕಡೆ ಆಕಾಶ ಇದ್ದಿಲ ಬಣ್ಣಕ್ಕೆ ತಿರುಗಿತ್ತು, ಗೂಟಗಳು ಅರ್ಧ ಮುಳುಗಿದ್ದವು — ಅರ್ಧ, ಈಗ ತಾನೇ ಬುಡವಿತ್ತಲ್ಲ — ಅವನು ಮತ್ತೊಂದು ಸುತ್ತು ಬಡಿದ, ಗಂಟಲು ಹರಿಯುವ ಹಾಗೆ ಕೂಗಿದ, ಯಲ್ಲಯ್ಯ, ಇಳ್ಯೋ, ನಿನ್ನ ಕಾಲಿಗೆ ಬೀಳ್ತೀನಿ ಇಳ್ಯೋ, ನೀವು ಹೋಗ್ದೆ ನಮ್ಮನೆ ಹೋಗಂಗಿಲ್ಲ. ಯಲ್ಲಯ್ಯ ಈ ಸಲ ನಗಲಿಲ್ಲ, ದಾಸಣ್ಣ, ನಿನ್ ಸಂಕಟ ನಂಗೆ ಗೊತ್ತಿಲ್ವಾ, ಅವತ್ತಿಂದ ನಿಂಗೆ ಮೋಡ ಕಂಡ್ರೂ ಭಯ, ಹಗ್ಗ ಬಿಗ್ಯಾಗೈತೆ, ಒಲೆ ಮೇಲೆ ಹಿಟ್ಟೈತೆ, ಉಂಡು ಮಲಿಕೋ ಹೋಗು. ಕರುಣೆಯಿಂದಲೇ ಹೇಳಿದ. ದಾಸಪ್ಪ ತಿರುಗಿದ, ತಿರುಗಿದ ಮೇಲೆ ಮನೆಯನ್ನು ನೋಡಲೇಬೇಕಾಯಿತು, ಗೋಣಿತಟ್ಟು ಒಂದು ಪಕ್ಕಕ್ಕೆ ಸರಿದಿತ್ತು, ದಾರಂದದಲ್ಲಿ ಕೂಸು ನಿಂತಿತ್ತು. ನಿಲ್ಲಲು ಕಲಿಯುತ್ತಿರುವ ಕೂಸು, ವರ್ಷ ತುಂಬಿದ್ದು ಮೊನ್ನೆ ಮೊನ್ನೆ, ನಡೆಯೋಗಂಟ ನಿಮ್ಮಲ್ಲೇ ಇರ್ಲಿ ಎಂದು ಅಳಿಯ ಬಿಟ್ಟುಹೋದದ್ದು, ಬಾಯಿ ತುಂಬ ರಾಗಿಯ ಅಂಬಲಿ ಮೆತ್ತಿಕೊಂಡು ಕಾಲು ಅಲುಗಿಸುತ್ತ ನಿಂತಿದೆ, ಎಡಗಂಬ ಹಿಡಿದು, ಕೆಳಗೆ, ಬಹಳ ಕೆಳಗೆ, ನಾಲ್ಕು ಬೆರಳು. ಅವನ ಕೈಯ ಕಡ್ಡಿ ನಿಂತಿತು. ಮಾರಮ್ಮ, ಎಂದ, ಹೆಂಡತಿ ಒಳಗಿಂದ ಬಂದಳು, ಕೂಸ ಎತ್ಕೋ, ನಡಿ. ಎಲ್ಲಿಗೆ. ದಡಕ್ಕೆ. ಮಾರಮ್ಮ ದಿಣ್ಣೆಯ ಕಡೆ ನೋಡಿದಳು, ಎಲ್ಲ ಸೂರಿನಿಂದಲೂ ಹೊಗೆ ಏಳುತ್ತಿತ್ತು, ಇವ್ರು ಯಾರೂ ಹೊಂಟಿಲ್ವಲ್ಲ. ಹೊರಡದೇ ಹೋಗ್ಲಿ, ನೀನು ನಡಿ. ನಾವು ಕೊನೆಗಲ್ವಾ, ಎಂದಳು ಅವಳು, ಕೇಳಿದಳೋ ಚುಚ್ಚಿದಳೋ ತಿಳಿಯಲಿಲ್ಲ, ಅವನ ಮುಖವನ್ನೇ ನೋಡುತ್ತ ಇದ್ದಳು, ಅವನು ಬಗ್ಗಿ ಕೂಸಿನ ಬೆರಳನ್ನು ಕಂಬದಿಂದ ಬಿಡಿಸಿದ, ಅಂಬಲಿಗೆ ಅಂಟಂಟಾಗಿದ್ದವು, ಸುಲಭವಾಗಿ ಬಂದವು.

ಮಾರಮ್ಮ ಕೂಸನ್ನು ಬೆನ್ನಿಗೆ ಸೀರೆಯ ಚೂರಿನಿಂದ ಕಟ್ಟಿಕೊಂಡು ಗೋಣಿಯ ಕೊಪ್ಪೆ ಹಾಕಿಕೊಂಡು ಏರಿದಾರಿಗೆ ಇಳಿದಳು, ಎಲ್ಲ ಗುಡಿಸಲುಗಳ ಮುಂದೆ ಹಾದೇ ಇಳಿಯಬೇಕು, ದಾಸಪ್ಪ ತಮಟೆ ಬಡಿಯದೆ ಅವಳ ಹಿಂದೆ ನೀರಿನ ಅಂಚಿನವರೆಗೂ ಬಂದ, ಬೆನ್ನಿನ ಮೇಲೆ ದಿಣ್ಣೆಯ ಕಣ್ಣೆಲ್ಲ ಬಿದ್ದಿರುವುದು ತಿಳಿಯುತ್ತಿತ್ತು, ಈಗ ಅನ್ನುತ್ತಾರೆ, ಸಾರಿದವನ ಮನೆಯೇ ಮೊದಲು ಓಡಿತು ಅನ್ನುತ್ತಾರೆ, ತಾತನ ಹೆಸರು ಹಿಡಿದು ಅನ್ನುತ್ತಾರೆ, ಅನ್ನಲಿ, ಅಂದುಬಿಡಲಿ — ಮಾರಮ್ಮನ ಪಾದ ಮುಳುಗಿತು, ಮೀನಖಂಡ ಮುಳುಗಿತು, ಗೂಟದಿಂದ ಗೂಟಕ್ಕೆ ಕೈಯಿಟ್ಟು ಹೋಗುತ್ತಿದ್ದಾಳೆ. ಯಾರೂ ಏನೂ ಅನ್ನಲಿಲ್ಲ. ಗೋವಿಂದಮ್ಮ ಹೊಸ್ತಿಲಿನಿಂದ ಎದ್ದಳು, ಎದೆಯ ಮೇಲೆ ಕೈಯಿಟ್ಟುಕೊಂಡಳು, ಅವ್ವಾ ದಾಸಣ್ಣನ ಮನೇನೇ ಹೊಂಟದಲ್ಲೋ ಯಲ್ಲಯ್ಯ, ನಿಜ್ವಾಗ್ಲೂ ಬತ್ತೈತೆ ಕಣೋ, ಆಮೇಲೆ ಕೈ ಬಾಯಿಗೆ ಕಹಳೆ ಮಾಡಿ ನೀರಿನ ಕಡೆ ಕೂಗಿದಳು, ಮಾರವ್ವಾ, ಕೂಸಿನ ನೆತ್ತಿ ನೆನೀದಂಗೆ ನೋಡ್ಕೋ, ಎಡಕ್ಕೆ ಗುಂಡಿ ಐತೆ, ಎಡಕ್ಕೆ ಹೋಗ್ಬೇಡ. ಅಷ್ಟೇ. ಯಲ್ಲಯ್ಯ ಸೂರಿನಿಂದ ಜಾರಿ ಇಳಿದ, ಒಲೆಗಳಿಗೆ ನೀರು ಬಿದ್ದ ಚೊಯ್ ಸದ್ದು ಒಂದರ ಹಿಂದೆ ಒಂದು, ಹಿಟ್ಟಿನ ಮಡಕೆಯನ್ನು ಬಟ್ಟೆಯಲ್ಲಿ ಸುತ್ತಿ ಹೊರಟರು, ಮೇಕೆಗಳು ಹೊರಟವು, ಹೆಗಲ ಮೇಲೆ ಮುದುಕರು ಹೊರಟರು, ನಡೀರಿ ನಡೀರಿ ಎಂದು ಅವರೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ. ಇಷ್ಟೇನೇ. ಇಷ್ಟು ಸಲೀಸೇ. ಒಂದು ಮನೆ ಮೊದಲು ದಾಟಿದ್ದಕ್ಕೆ ಆಕಾಶ ಬೀಳಲಿಲ್ಲ, ತಾತ ಎದ್ದು ಬರಲಿಲ್ಲ, ಯಾರ ನಾಲಗೆಯೂ ಕಹಿ ಆಗಲಿಲ್ಲ, ಗುಂಡಿ ಐತೆ ನೋಡ್ಕಂಡು ಹೋಗು ಎಂದರು, ಅಂದೂ ಹಾಗೆಯೇ ಅನ್ನುತ್ತಿದ್ದರು, ಬಸುರಿ ಹೆಣ್ಣು ಮೊದಲು ಹೋಗ್ಲಿ ಬಿಡಣ್ಣ ಎಂದು ತಾವೇ ಕೈ ಹಿಡಿದು ದಾಟಿಸುತ್ತಿದ್ದರು, ಮೊದಲ ಬಡಿತದ ಹೊತ್ತಿಗೆ ಏರಿದಾರಿ ಇನ್ನೂ ಒಣಗಿತ್ತು, ಅವಳು ತನ್ನ ಕಾಲಿನಲ್ಲೇ ನಡೆದು ಹೋಗಬಹುದಿತ್ತು, ಯಾರೂ ಬೇಡ ಅಂದಿರಲಿಲ್ಲ, ಕೇಳಿಯೇ ಇರಲಿಲ್ಲವಲ್ಲ, ಒಬ್ಬರನ್ನೂ ಕೇಳಿಯೇ ಇರಲಿಲ್ಲ.

ಯಲ್ಲಯ್ಯ ನೀರಿನ ನಡುವಿನಿಂದ ತಿರುಗಿ ಕೂಗುತ್ತಿದ್ದಾನೆ, ದಾಸಣ್ಣ, ಬಾರಣ್ಣ, ಗೂಟದ ತಲೆ ಮಾತ್ರ ಕಾಣ್ತಾ ಐತೆ, ಬಾ. ಬಂದೆ, ನಡಿ. ಗುಡಿಸಲಿಂದ ಗುಡಿಸಲಿಗೆ ಬಗ್ಗಿ ನೋಡಿಕೊಂಡು ಬಂದ, ಮೂಲೆ ಮೂಲೆ, ಯಾರೂ ಉಳಿದಿಲ್ಲ, ಒಲೆಗಳೆಲ್ಲ ಒದ್ದೆ, ಒಂದು ಮರೆತ ಕೋಳಿ, ಅದನ್ನೂ ಕಂಕುಳಿಗೆ ಸಿಕ್ಕಿಸಿಕೊಂಡ, ಮಳೆ ದಪ್ಪವಾಯಿತು, ಹೆಗಲಿನ ತಮಟೆಯ ಮೇಲೆ ಹನಿ ತಾವೇ ಬಡಿಯತೊಡಗಿದವು, ಚರ್ಮ ಮತ್ತೆ ಜೋತು ದಬ್ ದಬ್ ಎಂದಿತು, ಆಚೆ ದಡದಲ್ಲಿ ಮಾರಮ್ಮನ ಗೋಣಿಯ ಕೊಪ್ಪೆ ಸಾಸಿವೆಯಷ್ಟು ಕಾಣುತ್ತಿದೆ, ದಾಟಿದಳು, ಕೂಸು ದಾಟಿತು, ಈ ಸಲ ಗಾಳಿ ಬರಲಿ, ಬರದೇ ಹೋಗಲಿ. ತನ್ನ ಮನೆಯ ಮುಂದೆ ನಿಂತ. ಗಾಳಿ ಗೋಣಿತಟ್ಟನ್ನು ಮೇಲಕ್ಕೆತ್ತಿ ಸೂರಿಗೆ ಅಂಟಿಸಿತು, ದಾರಂದ ಬರಿದಾಗಿ ತೆರೆದುಕೊಂಡಿತು, ಎಡಗಂಬದ ಕೆಳಗೆ ಅಂಬಲಿಯ ಗುರುತು, ಇನ್ನೂ ಹಸಿ, ನಾಲ್ಕು ಬೆರಳು, ಮಳೆಯ ಎರಚಲಿಗೆ ಒಂದು ಆಗಲೇ ಕರಗಿ ಇಳಿಯುತ್ತಿದೆ, ಮೇಲೆ, ಅವಳು ಹಿಡಿದಿದ್ದ ಕಡೆ, ಏನೂ ಇಲ್ಲ, ಬರೀ ಮರ, ಒಂದು ವರ್ಷದಿಂದ ನೋಡದೇ ಇದ್ದ ಮರ, ಎಲ್ರೂ ಹೋದ್ರಾ ಅಪ್ಪಾ. ಹೋದ್ರು ಕಣವ್ವ. ಎಲ್ರೂ ಹೋದ್ರಾ. ಹೋದ್ರವ್ವ — ಅವನು ಕೈ ಚಾಚಿದ, ಕಂಬದ ಮೇಲೆ, ಅದೇ ಎತ್ತರದಲ್ಲಿ, ಬಿಡಿಸಲು ಅಲ್ಲಿ ಏನೂ ಇರಲಿಲ್ಲ, ಹಿಡಿದ, ತನ್ನವೇ ನಾಲ್ಕು ಬೆರಳು, ಗಿಣ್ಣು ಬೆಳ್ಳಗೆ, ನಾಲ್ಕು ಬೆರಳು