ಸವೆದ ಬ್ರೇಕು

ಆ ಬೇಸಿಗೆ ರಜೆಯಲ್ಲಿ ಟೀಚರಮ್ಮನಿಗೆ ಆದ ಸುಸ್ತು ಸೈಕಲ್ ತುಳಿದು ಆದದ್ದಲ್ಲ, ತುಳಿಯದೆ ಆದದ್ದು. ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ಅವಳು ಹೇಳಲೂ ಇಲ್ಲ.

ಅವಳು ಕಲಿಸುತ್ತಿದ್ದುದು ಕಾರು ಓಡಿಸುವುದನ್ನು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂರುವವಳ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ವರ್ಷವಿಡೀ ಅದನ್ನು ಒತ್ತುವುದೇ ಅವಳ ಹೊಟ್ಟೆಪಾಡು. ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು, ಅವರಿದ್ದ ಕಟ್ಟಡದವರೆಲ್ಲರ ಬಾಯಲ್ಲಿ ಲಿಫ್ಟಪ್ಪ. ಪ್ರತಿ ಬೇಸಿಗೆ ಇಬ್ಬರೂ ಕಾರಿನ ಮೇಲೆ ನಾಲ್ಕು ಸೈಕಲ್ ಹೇರಿಕೊಂಡು ಹೊರಡುತ್ತಿದ್ದರು. ಡಾಂಬರು ರಸ್ತೆಗೆ ಸಣ್ಣ ಟೈರಿನವು ಎರಡು, ಬೆಟ್ಟದ ಕಾಲುದಾರಿಗೆ ದಪ್ಪ ಟೈರಿನವು ಎರಡು. "ಇಬ್ಬರಿಗೆ ನಾಲ್ಕು ಸೈಕಲ್ಲಾ? ಕಾಲು ಎಷ್ಟಿವೆಯಮ್ಮಾ ನಿಮಗೆ?" ಎಂದು ಮೇಲ್ಮಹಡಿಯ ಅಜ್ಜಿ ಪ್ರತಿ ಸಲವೂ ಕೇಳುವಳು, ಪ್ರತಿ ಸಲವೂ ಇದೇ ಮೊದಲು ಕೇಳಿದಂತೆ ನಗುವಳು.

ರಸ್ತೆಯಲ್ಲಿ ಅವನು ಮುಂದೆ, ಇವಳು ಹಿಂದೆ. ಮುಂದಿನವನು ಗಾಳಿ ಸೀಳಿಕೊಂಡು ಹೋಗುತ್ತಾನೆ, ಗೇಣಿನಷ್ಟು ಅಂತರದಲ್ಲಿ ಅವನ ಚಕ್ರಕ್ಕೆ ಅಂಟಿಕೊಂಡ ಹಿಂದಿನವರಿಗೆ ಎಷ್ಟೋ ಶ್ರಮ ಉಳಿಯುತ್ತದೆ. ಮುಂದಿನವನಿಗೆ ಸಾಕೆನಿಸಿದರೆ ಮೊಣಕೈ ಆಡಿಸಿ ಪಕ್ಕಕ್ಕೆ ಸರಿಯುತ್ತಾನೆ, ಹಿಂದಿನವರು ಮುಂದೆ ಬರುತ್ತಾರೆ. ಲಿಫ್ಟಪ್ಪನ ಮೊಣಕೈ ಮದುವೆಯಾದಾಗಿನಿಂದ ಒಮ್ಮೆಯೂ ಆಡಿದ್ದಿಲ್ಲ.

ಆದರೆ ಈ ಸಲ ಚಳಿಗಾಲದ ನ್ಯುಮೋನಿಯಾ ಅವನ ಎದೆಯನ್ನು ಹಿಂಡಿಹಾಕಿತ್ತು. ಡಾಕ್ಟರು ಹೋಗಿಬನ್ನಿ ಎಂದಿದ್ದರು, ನಿಜ. ಉಸಿರು ಮಾತ್ರ ಡಾಕ್ಟರ ಮಾತು ಕೇಳಲಿಲ್ಲ. ಮೊದಲ ದಿನವೇ ಟೀಚರಮ್ಮನ ಮುಂಚಕ್ರ ಅವನ ಹಿಂಚಕ್ರಕ್ಕೆ ತಾಗುವಂತಾಯಿತು. ಅವಳು ಬೆರಳಲ್ಲಿ ಮೆಲ್ಲಗೆ ಬ್ರೇಕ್ ಹಿಡಿದಳು. ಹಿಡಿದವಳು ಮತ್ತೆ ಬಿಡಲಿಲ್ಲ. ಬಯಲಿನಲ್ಲೂ ಬ್ರೇಕು, ಇಳಿಜಾರಿನಲ್ಲೂ ಬ್ರೇಕು, ಕಾಲುದಾರಿಯ ಪ್ರತಿ ತಿರುವಿನಲ್ಲೂ ಬ್ರೇಕು. ವರ್ಷವಿಡೀ ಊರವರ ವೇಗಕ್ಕೆ ಬ್ರೇಕ್ ಒತ್ತಿ ಬಂದವಳು ರಜೆಯಲ್ಲಿ ಗಂಡನ ನಿಧಾನಕ್ಕೂ ಒತ್ತಬೇಕಾಯಿತಲ್ಲ ಎಂದು ಅವಳಿಗೆ ಅಳುವೇ ಬರುತ್ತಿತ್ತು. ಸಂಜೆ ಬಾಡಿಗೆ ಕೋಣೆಗೆ ಬಂದರೆ ಕಾಲು ಹಗುರ, ಬೆರಳಿನಿಂದ ಭುಜದವರೆಗೆ ಹೆಣಭಾರ.

ದಾಟಿ ಹೋಗಬಹುದಿತ್ತು. ಆದರೆ ಅವಳಿಗೆ ಅವನು ಗೊತ್ತು. ಕಂಪನಿಯ ವಾಲಿಬಾಲ್ ತಂಡದಲ್ಲಿ ಮುಂದಿನ ಸಾಲಿನಿಂದ ಹಿಂದಕ್ಕೆ ಹಾಕಿದ ದಿನವೇ ಅವನು ಷೂ ಬಿಚ್ಚಿ ಯಾರಿಗೋ ಕೊಟ್ಟು ಬರಿಗಾಲಲ್ಲಿ ಮನೆಗೆ ಬಂದಿದ್ದ. ಆಮೇಲೆ ಚೆಂಡು ಮುಟ್ಟಲಿಲ್ಲ. ಸೈಕಲ್ಲಿಗೂ ಅದೇ ಗತಿಯಾದರೆ? ಉಳಿಯುವುದು ಸೋಫಾ, ಟಿವಿ, ಮತ್ತು ಮೂಗಿನ ತುದಿಯಲ್ಲೇ ಕೋಪವಿರುವ ಒಬ್ಬ ಗಂಡ. ಅದಕ್ಕಿಂತ ಬೆರಳು ನೋವೇ ವಾಸಿ ಎಂದುಕೊಂಡಳು.

ಕೊನೆಯ ದಿನದ ಹಿಂದಿನ ದಿನ ಮಧ್ಯಾಹ್ನ, ಕಾಲುದಾರಿಯ ಇಳಿಜಾರಿನಲ್ಲಿ, ಅವಳ ಬ್ರೇಕು ಕಿರ್ರೆಂದು ಕಿರುಚಿಕೊಂಡಿತು. ಪ್ಯಾಡು ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತು. ಅವನಿಗೆ ಕೇಳಿಸಬಾರದೆಂದು ಟೀಚರಮ್ಮ ಜೋರಾಗಿ ಹಾಡತೊಡಗಿದಳು.

"ಏನೇ ಇದು, ಇದ್ದಕ್ಕಿದ್ದ ಹಾಗೆ ಸಂಗೀತ?"

"ಖುಷಿಗೆ ರೀ!" ಎಂದಳು, ಹಲ್ಲು ಕಚ್ಚಿಕೊಂಡು.

ಸೈಕಲ್ಲುಗಳ ಉಪಚಾರವೆಲ್ಲ ಅವನದೇ. ಒಂದೇ ದಾರಿ ತುಳಿದ ಎರಡು ಸೈಕಲ್ಲುಗಳಲ್ಲಿ ಒಂದರ ಪ್ಯಾಡು ಮಾತ್ರ ಸವೆದಿದೆ ಎಂದರೆ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದಕ್ಕೇ ಮರುದಿನ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದೊಡನೆ ಅವಳು ಸೈಕಲ್ಲುಗಳನ್ನು ಇಟ್ಟಿದ್ದ ಹಿತ್ತಲಿನ ತಗಡಿನ ಶೆಡ್ಡಿಗೆ ಓಡಿದಳು. ತಾನೇ ಬದಲಾಯಿಸಿಬಿಡೋಣವೆಂದು ಬಗ್ಗಿ ನೋಡಿದರೆ, ಪ್ಯಾಡು ಆಗಲೇ ಹೊಸದು. ರಸ್ತೆಯ ಸೈಕಲ್ಲಿನಲ್ಲೂ ಹೊಸದು. ಅವನ ಸೈಕಲ್ಲುಗಳಲ್ಲಿ ಹಳೆಯವೇ, ಅಷ್ಟೇನೂ ಸವೆಯದೆ ದಪ್ಪಗೇ ಇದ್ದವು. ಸ್ಪ್ಯಾನರುಗಳ ಕೆಳಗೆ ಒಂದು ಬಿಸ್ಕತ್ತಿನ ಡಬ್ಬಿ. ಅದರ ತುಂಬ ಸವೆದ ಪ್ಯಾಡುಗಳು, ಒಂದು ಜೊತೆಯಲ್ಲ, ಎರಡಲ್ಲ. ಎಲ್ಲವೂ ಅವಳವೇ.

ಟೀಚರಮ್ಮ ಅಲ್ಲೇ ಕುಕ್ಕರಿಸಿದಳು. ಮೊದಲ ವಾರದಿಂದಲೇ ಅವನಿಗೆ ಎಲ್ಲಾ ಗೊತ್ತು! ಅವಳಿಗೆ ಮೊದಲು ಬಂದದ್ದು ಕೋಪ. ಹಾಡು ಬೇರೆ ಹಾಡಿದ್ದಳಲ್ಲ, ಕತ್ತೆಯ ಹಾಗೆ. ಕೋಪದ ಹಿಂದೆಯೇ ಬಂದ ಸುಸ್ತು ಎಷ್ಟಿತ್ತೆಂದರೆ, ಎದ್ದು ಹೋಗಿ ಜಗಳವಾಡುವುದೂ ಅವಳಿಗೆ ಬೇಕೆನಿಸಲಿಲ್ಲ.

ಕೊನೆಯ ದಿನದ್ದು ಡಾಂಬರು ರಸ್ತೆ, ಘಟ್ಟದ ಏರು. ಅರ್ಧ ಏರುವಷ್ಟರಲ್ಲಿ ಎದುರುಗಾಳಿ ಎದ್ದಿತು. ಅವನ ಹೆಗಲು ಎಡಕ್ಕೂ ಬಲಕ್ಕೂ ವಾಲುತ್ತಿತ್ತು, ಉಸಿರಿನ ಸದ್ದು ಗಾಳಿಯ ಸದ್ದನ್ನೂ ಮೀರಿ ಕೇಳುತ್ತಿತ್ತು. ಒಂದು ಮೈಲಿಗಲ್ಲಿನ ಬಳಿ ನಿಂತು ಅವನು ನೀರು ಕುಡಿದ. ಅರ್ಧ ನೀರು ಗಲ್ಲದ ಮೇಲೆ ಇಳಿಯಿತು.

"ಡಬ್ಬಿ ನೋಡ್ದೆ," ಎಂದಳು ಅವಳು.

ಅವನು ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದ.

"ಗೊತ್ತಿದ್ದೂ ಸುಮ್ನಿದ್ರಾ? ನನ್ನ ಕೈ ಬಿದ್ದುಹೋಗ್ತಿದೆ ರೀ. ನಿಮಗೇನೂ ಅನ್ನಿಸ್ಲೇ ಇಲ್ವಾ?"

"ಅನ್ನಿಸ್ತು. ಅದಕ್ಕೇ ಪ್ಯಾಡ್ ಹಾಕ್ತಿದ್ದೆ. ಬಿದ್ದುಗಿದ್ದೀಯ ಅಂತ."

"ಬಾಯಿ ಬಿಟ್ಟು ಹೇಳೋಕಾಗ್ತಿರ್ಲಿಲ್ವಾ?"

"ಹೇಳಿದ್ರೆ ನೀನು ಮುಂದೆ ಹೋಗ್ತಿದ್ದೆ," ಎಂದ ಅವನು. ಆಮೇಲೆ ರಸ್ತೆ ನೋಡುತ್ತಾ, "ಹಿಂದೆ ಉಳಿಯೋಕೆ ನಂಗೆ ಭಯ ಕಣೇ," ಎಂದ.

ಅವನು ಪೆಡಲಿನ ಮೇಲೆ ಕಾಲಿಟ್ಟು ಮತ್ತೆ ಮುಂದೆಯೇ ಹೊರಟ. ಇವಳು ಮತ್ತೆ ಹಿಂದೆ, ಬೆರಳು ಮತ್ತೆ ಬ್ರೇಕಿನ ಮೇಲೆ. ಇಷ್ಟೇನಾ ಎಂದುಕೊಂಡಳು. ತಿರುವು ದಾಟಿದೊಡನೆ ಗಾಳಿ ಮುಖಕ್ಕೆ ಬಡಿಯಿತು.

ಆಗ ಅವನ ಮೊಣಕೈ ಆಡಿತು.

ಗಾಳಿಗೆ ಆಡಿರಬೇಕು ಎಂದುಕೊಂಡಳು. ಅದು ಮತ್ತೊಮ್ಮೆ ಆಡಿತು, ಈ ಸಲ ಸಿಟ್ಟಿನಿಂದ, ಮತ್ತು ಅವನು ಪಕ್ಕಕ್ಕೆ ಸರಿದ. ಅವಳು ಅವನನ್ನು ದಾಟುವಾಗ ಮುಖ ನೋಡಲಿಲ್ಲ, ಅವನೂ ನೋಡಲಿಲ್ಲ. ಗಾಳಿ ಇಷ್ಟು ಭಾರ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಇದನ್ನೆಲ್ಲ ಎದೆಯ ಮೇಲೆ ಹೊತ್ತಿದ್ದನಲ್ಲ ಎಂದು ಅವನ ಮೇಲೆ ಕನಿಕರವೂ ಬಂತು, ಹೊಟ್ಟೆಕಿಚ್ಚೂ ಆಯಿತು.

"ಮುಂದಿನ ವರ್ಷ ಬರ್ತೀರಾ?" ಎಂದು ಹಿಂತಿರುಗದೆಯೇ ಕೂಗಿದಳು.

ಗಾಳಿಯ ಸದ್ದಷ್ಟೇ ಕೇಳಿತು. ಅವನು ಹಿಂದೆಯೇ ಉಳಿದನೋ, ನಿಂತೇಬಿಟ್ಟನೋ ಎಂದುಕೊಂಡಳು. ಅವಳ ಬೆರಳು ತಾನಾಗಿಯೇ ಬಿಗಿಯಿತು.

"ಬ್ರೇಕ್ ಒತ್ತಬೇಡ ಕಣೇ!" ಗೇಣಿನಷ್ಟು ಹಿಂದಿನಿಂದಲೇ, ತೇಕುತ್ತಾ, ಲಿಫ್ಟಪ್ಪ ಕಿರುಚಿದ. "ಹಿಂದೆ ನಾನಿದ್ದೀನಿ!"

ಟೀಚರಮ್ಮ ಬ್ರೇಕಿನ ಮೇಲಿಂದ ಬೆರಳುಗಳನ್ನು ತೆಗೆದಳು. ಎಷ್ಟು ದಿನದಿಂದ ಅಲ್ಲೇ ಇದ್ದವೋ, ಮಡಿಚಿದ ಹಾಗೆಯೇ ಸೆಟೆದುಕೊಂಡಿದ್ದವು. ಅವನ್ನು ಒಂದೊಂದಾಗಿ ಬಿಡಿಸುತ್ತಾ ಅವಳು ಏರನ್ನು ತುಳಿದಳು.