ಬೆಣ್ಣೆಹಣ್ಣಿನ ಬೇರು

೧೯೮೪ರಲ್ಲಿ ಗಿರಿಜವ್ವ ಮಹಾನಗರದ ಅಂಚಿನ ನೆರೂಳದ ಸಾಲುಮನೆಗೆ ಬಂದಳು. ಪಕ್ಕದ ಮನೆ ಉಡುಪಿ ಕಡೆಯ ಜಯಲತಾಳದು. ಎರಡು ಅಂಗಳಗಳ ನಡುವೆ ಸೊಂಟದೆತ್ತರದ ಗೋಡೆ. ಜಯಲತಾಳ ಗಂಡ ಸರ್ವೋತ್ತಮ ಮಡಿಕೇರಿಯಿಂದ ಮೂರು ಬೆಣ್ಣೆಹಣ್ಣಿನ ಸಸಿ ತಂದು, ಒಂದನ್ನು ಗಿರಿಜವ್ವನ ಮನೆಗೆ ಕೊಟ್ಟ.

ಎರಡು ವರ್ಷದಲ್ಲಿ ಜಯಲತಾಳ ಎರಡೂ ಗಿಡ ಆಳೆತ್ತರವಾದವು. ಗಿರಿಜವ್ವನದು ಎದೆಮಟ್ಟಕ್ಕೂ ಏರಲಿಲ್ಲ. ಎಲೆ ಜೋತುಬಿದ್ದಷ್ಟೂ ಆಕೆ ನೀರು ಸುರಿದಳು. ಗಂಡ ವಿರುಪಾಕ್ಷಪ್ಪ ಆಫೀಸಿನಿಂದ ಬಂದವನೇ ಆಚೆ ನೋಡಿ, “ಅವರ ಕೈಗುಣ ಛಲೋ ಐತಿ ನೋಡು,” ಅನ್ನುತ್ತಿದ್ದ. ಆ ಸಂಜೆಗಳಲ್ಲಿ ರೊಟ್ಟಿ ತಟ್ಟುವ ಸಪ್ಪಳ ಜೋರಾಗುತ್ತಿತ್ತು. ಜಯಲತಾ ಬೇಕೆಂದೇ ರೋಗದ ಸಸಿ ಕೊಡಿಸಿದ್ದಾಳೆ ಎಂದು ಗಿರಿಜವ್ವ ನಂಬಿಬಿಟ್ಟಳು.

ಮಳೆಗಾಲ ಮುಗಿಯುವಾಗ ಗಿಡ ಒಣಗಿತು. ವಾಶಿಯ ನರ್ಸರಿಯಲ್ಲಿ ದುಡಿಯುವ ಕಿಟ್ಟಣ್ಣ ಬಂದು ಆಕೆಯ ಸಲಿಕೆಯಿಂದಲೇ ಅಗೆದ. ಬೇರು ಕಪ್ಪಾಗಿತ್ತು, ಹಿಡಿದರೆ ಸಿಪ್ಪೆ ಕಳಚಿ ಬರುತ್ತಿತ್ತು.

“ನೀರು ನಿಂತು ಬೇರಿಗೆ ಬೂಷ್ಟು ಹತ್ತಿದೆ ಅಕ್ಕ. ಪಕ್ಕದವರು ಮಣ್ಣು ಏರಿಸಿ ನೆಟ್ಟಿದ್ದಾರೆ, ನೀರು ನಿಲ್ಲುವುದಿಲ್ಲ. ಈ ಸಲಿಕೆ ಕುದಿನೀರಲ್ಲಿ ತೊಳೀರಿ. ಈ ಮಣ್ಣು ತಾಗಿದರೆ ಅವರದೂ ಹೋಗ್ತದೆ.”

ಮರುದಿನ ಸಲಿಕೆ ಇನ್ನೂ ಮಣ್ಣಾಗಿಯೇ ಇತ್ತು. ಜಯಲತಾ ಗೋಡೆಯ ಬಳಿ ಬಂದಳು. “ಗಿರಿಜಕ್ಕ, ನಿಮ್ಮ ಸಲಿಕೆ ಒಮ್ಮೆ ಕೊಡ್ತೀರಾ? ಗಿಡಕ್ಕೆ ಗೊಬ್ಬರ ಹಾಕ್ಲಿಕ್ಕುಂಟು.”

ಗಿರಿಜವ್ವ ಸಲಿಕೆಯನ್ನು ಹಾಗೆಯೇ ಗೋಡೆಯ ಮೇಲಿಂದ ಕೊಟ್ಟಳು.

ಒಳಗೆ ಬಂದು ಅಕ್ಕಿ ಆರಿಸಲು ಕೂತಳು. ಆಚೆಯಿಂದ ಅಗೆಯುವ ಸದ್ದು ಕೇಳುತ್ತಲೇ ಇತ್ತು. ಮೊದಮೊದಲು ಹಿತವೆನಿಸಿತು. ಆಮೇಲೆ ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸತೊಡಗಿದಳು. ಮೊರ ಸರಿಸಿ ಹೊರಗೋಡಿದಳು.

“ನಿಲ್ಲಸ್ರೀ! ಅದರಾಗ ರೋಗದ ಮಣ್ಣೈತಿ!”

ಜಯಲತಾ ಒಂದು ಗಿಡದ ಸುತ್ತ ಆಗಲೇ ಅಗೆದಿದ್ದಳು. “ನಿಮಗೆ ಯಾವಾಗ ಗೊತ್ತಾಯ್ತು?”

ಸುಳ್ಳು ಬಾಯಿಗೆ ಬಂದಿತ್ತು. “ನಿನ್ನೆನ,” ಅಂದಳು ಗಿರಿಜವ್ವ. “ನಿಮ್ಮ ಗಿಡ ನೋಡಿ ನನಗ ಹೊಟ್ಟೆ ಉರೀತಿತ್ತರಿ.”

ಜಯಲತಾ ಸಲಿಕೆಯನ್ನು ಗೋಡೆಯ ಮೇಲಿಟ್ಟು ಒಳಗೆ ಹೋದಳು.

ಅಗೆದ ಗಿಡ ಮುಂದಿನ ಮಳೆಗೆ ಸೊರಗಿ ಸತ್ತಿತು. ಇನ್ನೊಂದು ಉಳಿದು, ಮೂರು ವರ್ಷಕ್ಕೆ ಕಾಯಿ ಬಿಟ್ಟಿತು. ಜಯಲತಾ ಸಾಲಿನ ಮನೆಮನೆಗೂ ಹಣ್ಣು ಹಂಚಿದಳು, ಗಿರಿಜವ್ವನ ಮನೆಯೊಂದನ್ನು ಬಿಟ್ಟು. ಗಿರಿಜವ್ವ ಅದನ್ನು ತಪ್ಪೆನ್ನಲಿಲ್ಲ. ಆದರೂ ಹೊರಗೆ ಬಂದಾಗಲೆಲ್ಲ ಆ ಮರದಲ್ಲಿ ಕಾಯಿ ಎಷ್ಟಿವೆಯೆಂದು ಆಕೆಯ ಕಣ್ಣು ತಾನಾಗಿಯೇ ಎಣಿಸುತ್ತಿತ್ತು.