ಲಾಂಡ್ರಿಯ ಪರದೆ ಮೇಲೆ ನಮ್ಮ ಮನೆಯ ಬಟ್ಟೆ

ನನಗೆ ಮೂಗಿನ ತುದಿಯಲ್ಲೇ ಕೋಪ. ನಮ್ಮ ಆಫೀಸಿನಲ್ಲೇ ಮಾರಾಟದ ಕೆಲಸಕ್ಕೆ ಸೇರುತ್ತೇನೆ ಎಂದು ಗಂಡನ ತಂಗಿ, ನನ್ನ ನಾದಿನಿ, ಹೇಳಿದಾಗ, "ಮನೇಲಿ ನಿನ್ನ ಸಹಿಸಿಕೊಳ್ಳೋದು ಸಾಲದಾ?" ಎಂದಿದ್ದೆ. ಅವಳು ನಕ್ಕು ಸೇರಿಯೇಬಿಟ್ಟಳು. ಅದಕ್ಕೆ ಮೊದಲು ಪಾತ್ರೆ ಅಂಗಡಿಯಲ್ಲಿ ಕುಕ್ಕರ್ ಮಾರುತ್ತಿದ್ದವಳು.

ನಾನು ಬರೆದ ಸಾಫ್ಟ್‌ವೇರ್ ಲಾಂಡ್ರಿಗಳಿಗೆ. ಯಾರ ಅಂಗಿ ಒಗೆಯಲು ಹೋಗಿದೆ, ಯಾರದು ಇಸ್ತ್ರಿಗೆ ಕಾದಿದೆ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ನಾನು ಮತ್ತು ನನ್ನ ಜೊತೆಯ ಇಬ್ಬರು ವರ್ಷಗಟ್ಟಲೆ ಅದಕ್ಕೆ ಬೆವರು ಸುರಿಸಿದ್ದೆವು. ಆದರೆ ಮಾರುವವರಿಗೇ ಅದೆಂದರೆ ಅಸಡ್ಡೆ. ಅವರ ಮುಖ್ಯಸ್ಥನಿಗೆ ನಾವಿಟ್ಟ ಹೆಸರು ಮಾತಿನಮಲ್ಲ. ಬ್ಯಾಂಕಿಗೆ, ಆಸ್ಪತ್ರೆಗೆ ಮಾರಲು ಹೋಗುವಾಗ ಹೊಸ ಟೈ ಕಟ್ಟುವ ಮಹಾನುಭಾವ ನಮ್ಮದನ್ನು "ಕೊಳೆಬಟ್ಟೆ" ಎನ್ನುತ್ತಿದ್ದ. ಲಾಂಡ್ರಿಯ ಬಾಗಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, ಒಂದಷ್ಟು ಬಣ್ಣದ ಚಿತ್ರ ತೋರಿಸಿ, ಕೇಳಿದ್ದಕ್ಕೆಲ್ಲ "ಆಗುತ್ತೆ, ಆಗುತ್ತೆ" ಎಂದು ಬರುತ್ತಿದ್ದ. ಸಾಫ್ಟ್‌ವೇರನ್ನು ಒಂದು ಸಲವಾದರೂ ತೆರೆದು ನೋಡಿದವನಲ್ಲ. ಕೊಂಡವರು ಅವನು ಹೇಳಿದ್ದು ಆಗದೆ ವಾಪಸ್ ಕೊಡುತ್ತಿದ್ದರು. ಬೈಗುಳ ಮಾತ್ರ ನಮ್ಮ ಪಾಲಿಗೆ.

ಕೊನೆಗೆ ಯಜಮಾನರು ನನ್ನನ್ನು ಕರೆದರು. "ಊರಲ್ಲೆಲ್ಲ ಅಂಗಡಿ ಇಟ್ಟಿರೋ ಲಾಂಡ್ರಿಯಮ್ಮ ನೋಡ್ತೀನಿ ಅಂದಿದ್ದಾರೆ. ಅವರೂ ಬೇಡ ಅಂದ್ರೆ ಇದನ್ನ ಮುಚ್ಚಿಬಿಡೋಣಮ್ಮ. ನಿನಗೆ ಬೇರೆ ಕೆಲಸ ಕೊಡ್ತೀನಿ, ಆ ಇಬ್ಬರಿಗೆ ಜಾಗ ಇಲ್ಲ."

ಮಾತಿನಮಲ್ಲ ಹೋಗಲು ಒಪ್ಪಲಿಲ್ಲ. "ಹೊಸಬಳು ಹೋಗಲಿ ಬಿಡಿ" ಎಂದ. ಹೊಸಬಳೆಂದರೆ ನನ್ನ ನಾದಿನಿ. ಇನ್ನು ದೇವರೇ ಗತಿ ಎಂದುಕೊಂಡು ನಾನೂ ಅವಳ ಬೆನ್ನಿಗೇ ಹೊರಟೆ.

ಲಾಂಡ್ರಿಯ ಒಳಗೆ ಬಿಸಿ ಹಬೆ, ಸೋಪಿನ ಘಾಟು. ನಾದಿನಿ ಬಾಗಿಲಲ್ಲಿ ನಿಲ್ಲಲಿಲ್ಲ. ಕೌಂಟರಿನ ಹಿಂದೆ ಹೋಗಿ, ಇಸ್ತ್ರಿ ಮಾಡುತ್ತಿದ್ದವಳನ್ನು ಮಾತಾಡಿಸಿ, ಮೇಜಿನ ಮೇಲಿದ್ದ ಬಟ್ಟೆಯ ರಾಶಿಯ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟಳು. ಲಾಂಡ್ರಿಯಮ್ಮ ತೋಳು ಮಡಚಿಕೊಂಡೇ ಬಂದು ಕೇಳಿದರು. "ಬಟ್ಟೆ ಕಳೆದುಹೋದ್ರೆ ಇದು ಹುಡುಕಿಕೊಡುತ್ತಾ?"

"ಇಲ್ಲಮ್ಮ, ಹುಡುಕಿಕೊಡಲ್ಲ."

ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಅವಳು ಕಾಲು ಸರಿಸಿಕೊಂಡು ಮಾತು ಮುಂದುವರಿಸಿದಳು.

"ಆದ್ರೆ ಕೊನೇಲಿ ಎಲ್ಲಿತ್ತು, ಯಾರ ಕೈಲಿತ್ತು ಅಂತ ಹೇಳುತ್ತೆ. ಅಲ್ಲಿಂದ ಹುಡುಕೋದು ನಾವೇ. ತೋರಿಸ್ತೀನಿ ನೋಡಿ."

ಆ ಸೌಲಭ್ಯ ಮಾಡಲು ನಾವು ಮೂವರೂ ತಲೆ ಚಚ್ಚಿಕೊಂಡಿದ್ದೆವು. ಮಾರುವವರಲ್ಲಿ ಒಬ್ಬರೂ ಅದರತ್ತ ಕಣ್ಣೆತ್ತಿ ನೋಡಿರಲಿಲ್ಲ. ಇವಳು ಪಟ್ಟನೆ ತೆರೆದಳು. ಆದರೆ ಪರದೆಯ ಮೇಲೆ ಬಂದದ್ದು ನಾವು ಕೊಟ್ಟ ಮಾದರಿ ಪಟ್ಟಿಯಲ್ಲ. ಅಣ್ಣನ ಬಿಳಿ ಅಂಗಿ, ಒಗೆಯಲು ಹೋಗಿದೆ. ಅಮ್ಮನ ಶಾಲು, ಒಣಗುತ್ತಿದೆ. ಅತ್ತಿಗೆಯ ನೀಲಿ ಕೋಟು, ಕೊನೆಗೆ ಕಂಡದ್ದು ಮಂಚದ ಕೆಳಗೆ. ಕೆಲಸಕ್ಕೆ ಸೇರಿದಾಗಿನಿಂದ ನಮ್ಮ ಮನೆಯ ಬಟ್ಟೆಬರೆಯನ್ನೆಲ್ಲ ಅದರಲ್ಲಿ ತುಂಬಿಸುತ್ತಾ ಬಂದಿದ್ದಾಳೆ. ಭೂಮಿ ಬಾಯ್ಬಿಡಬಾರದೇ ಅನಿಸಿತು.

ಲಾಂಡ್ರಿಯಮ್ಮ ಓದಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾರಮ್ಮ ಈ ಅತ್ತಿಗೆ?"

ನಾದಿನಿ ನನ್ನ ಕಡೆ ಕೈ ತೋರಿಸಿದಳು.

"ಕೋಟು ಸಿಕ್ತಾ?"

"ಸಿಕ್ತು" ಎಂದೆ. ಅಷ್ಟರಲ್ಲಿ ನೆನಪಾಯಿತು. ಹಿಂದಿನ ವಾರ ಆ ಕೋಟಿಗಾಗಿ ನಾನು ಮನೆಯನ್ನೆಲ್ಲ ತಲೆಕೆಳಗು ಮಾಡಿದ್ದೆ. "ಮಂಚದ ಕೆಳಗೆ ನೋಡಿ ಅತ್ತಿಗೆ" ಎಂದು ಇವಳು ಅಡುಗೆಮನೆಯಿಂದ ಕೂಗಿದ್ದಳು. ನನ್ನ ಕೋಟನ್ನು ಹುಡುಕಲು ದಾರಿ ತೋರಿಸಿದ್ದು ನನ್ನದೇ ಸಾಫ್ಟ್‌ವೇರ್. ಅದು ನನಗೇ ಗೊತ್ತಿರಲಿಲ್ಲ.

ಲಾಂಡ್ರಿಯಮ್ಮ ಕುರ್ಚಿ ಎಳೆದುಕೊಂಡು ಕೂತರು. ಇಸ್ತ್ರಿಯವಳನ್ನೂ ಕರೆದು, "ನೀನೂ ಒತ್ತಿ ನೋಡೇ" ಎಂದರು. ಇಬ್ಬರೂ ತಮ್ಮ ಅಂಗಡಿಯದೇ ಬಟ್ಟೆಗಳನ್ನು ಅದರಲ್ಲಿ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. ನಾದಿನಿ ಕೈಕಟ್ಟಿ ಪಕ್ಕದಲ್ಲಿ ಕೂತಿದ್ದಳು, ಕೇಳಿದಾಗ ಮಾತ್ರ ಬಾಯಿಬಿಟ್ಟಳು.

"ಮಾರೋಕೆ ಬಂದವರೆಲ್ಲ ಹುಡುಕಿಕೊಡುತ್ತೆ ಅಂತಾನೇ ಹೇಳ್ತಿದ್ರು" ಎಂದರು ಲಾಂಡ್ರಿಯಮ್ಮ. "ನೀನು ಆಗಲ್ಲ ಅನ್ನೋದನ್ನ ಆಗಲ್ಲ ಅಂದೆ. ಹಾಗಾಗಿ ಆಗುತ್ತೆ ಅಂದಿದ್ದನ್ನೂ ನಂಬ್ತೀನಿ. ಎಲ್ಲಾ ಅಂಗಡಿಗೂ ಹಾಕ್ಸಿ. ಕಲಿಸೋಕೆ ಮಾತ್ರ ನೀನೇ ಬರಬೇಕು."

ರಸ್ತೆಗೆ ಬಂದವಳೇ ನನ್ನ ಜೊತೆಯವರಿಗೆ ಫೋನ್ ಮಾಡಿದೆ. ಒಬ್ಬ "ನಿಜಾನಾ?" ಎಂದು ಮತ್ತೆ ಮತ್ತೆ ಕೇಳಿದ. ಇನ್ನೊಬ್ಬಳು ಅತ್ತೇಬಿಟ್ಟಳು.

ನಾದಿನಿಯ ಕಡೆ ತಿರುಗಿದೆ. "ಮನೆ ಬಟ್ಟೇನೆಲ್ಲ ಯಾಕೆ ಹಾಕಿದ್ಯೇ ಅದರಲ್ಲಿ?" ಎಂದು ಕೇಳಿದೆ.

"ನೀವು ಊಟ ತಿಂಡಿ ಬಿಟ್ಟು ಅದರ ಮುಂದೆ ಕೂತಿರ್ತಿದ್ರಲ್ಲ, ಅಂಥದ್ದು ಏನಿದೆ ಅದರಲ್ಲಿ ಅಂತ ನೋಡೋಣ ಅನ್ನಿಸ್ತು." ಆಮೇಲೆ ಹೇಳಿದಳು, "ಚೆನ್ನಾಗಿದೆ ಅತ್ತಿಗೆ. ತುಂಬಾ ಚೆನ್ನಾಗಿ ಮಾಡಿದೀರಿ."

ಇಷ್ಟು ವರ್ಷಗಳಲ್ಲಿ ನಮ್ಮ ಆಫೀಸಿನಲ್ಲಿ ಯಾರೊಬ್ಬರೂ ನನಗೆ ಆ ಮಾತು ಹೇಳಿರಲಿಲ್ಲ. ನಡುರಸ್ತೆಯಲ್ಲೇ ಅವಳನ್ನು ತಬ್ಬಿಕೊಂಡೆ.

"ನಿನ್ನ ಉಪಕಾರ ಸಾಯೋತನಕ ಮರೆಯಲ್ಲ ಕಣೇ."

"ಅತ್ತಿಗೆ, ಜನ ನೋಡ್ತಿದ್ದಾರೆ."

"ನೋಡಲಿ ಬಿಡು" ಎಂದೆ.